ಸೀಮೆಸುಣ್ಣದ ಗಂಡು

ಮೊಮ್ಮಗಳಿಗೆ ಯಾರೋ ಹುಟ್ಟುಹಬ್ಬಕ್ಕೆ ಬಣ್ಣದ ಸೀಮೆಸುಣ್ಣದ ಡಬ್ಬಿ ಕೊಟ್ಟಿದ್ದಾರೆ. ಒಂದೊಂದು ಸೀಮೆಸುಣ್ಣವೂ ಎಳೆ ಮೂಲಂಗಿಯಷ್ಟು ದಪ್ಪ. ಮನೆಯ ಹೊರಗೆ ನೆಲದ ಮೇಲೆ ಬರೆಯುವುದಕ್ಕೆಂದೇ ಮಾಡಿದ್ದಂತೆ. ಇದರಿಂದ ಮಕ್ಕಳು ಏನೇನು ಕಲಿಯುತ್ತಾರೆ ಎಂದು ಡಬ್ಬಿಯ ಹಿಂಬದಿಯಲ್ಲಿ ಅಚ್ಚು ಹಾಕಿದ್ದಾರೆ. ಬೆರಳುಗಳಿಗೆ ಬಲ ಬರುತ್ತದಂತೆ. ಕಣ್ಣಿಗೂ ಕೈಗೂ ಹೊಂದಾಣಿಕೆ ಆಗುತ್ತದಂತೆ. ಉದ್ದ ಅಗಲಗಳ ಅಂದಾಜು ಸಿಗುತ್ತದಂತೆ. ಕೊನೆಗೆ ಆತ್ಮವಿಶ್ವಾಸವೂ ಬೆಳೆಯುತ್ತದಂತೆ. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದೆ. ಇಷ್ಟೆಲ್ಲ ಕಲಿಯಬೇಕಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಚಿಕ್ಕಂದಿನಲ್ಲಿ ನಾವು ಸೀಮೆಸುಣ್ಣ ಮುಟ್ಟುತ್ತಲೇ ಇರಲಿಲ್ಲ.

ಮೊಮ್ಮಗಳು ಹೊಸಮನೆ ಬಡಾವಣೆಯ ನಮ್ಮ ಗೇಟಿನ ಮುಂದೆ ಕೂತು ಒಂದು ಆನೆ ಬರೆದಳು. ಪಕ್ಕದ ಮನೆಯವರ ಕಾರು ಬಂದು ಅದರ ಮೇಲೆ ನಿಂತಿತು. ಅವಳು ಅಳಲಿಲ್ಲ. ಆನೆ ಕಾರಿನ ಕೆಳಗೆ ಮಲಗಿದೆ, ಸದ್ದು ಮಾಡಬೇಡಿ ಎಂದಳು. ಇದು ಡಬ್ಬಿಯ ಮೇಲೆ ಇರಲಿಲ್ಲ. ಡಬ್ಬಿ ಮಾಡಿದವರಿಗೆ ಯಾರಾದರೂ ತಿಳಿಸಬೇಕು ಅಂದುಕೊಂಡು ಒಳಗೆ ಬಂದು ಕೂತೆ. ಕೂತಮೇಲೆ ಸುಮ್ಮನಿರುವ ತಲೆಯೇ ನನ್ನದು?

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪಾಜಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ನಮಗೆ ಕಾರ್ಖಾನೆಯ ಸಾಲುಮನೆಗಳಲ್ಲಿ ಒಂದು ಮನೆ. ಆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಮನೆಗಳ ಮುಂದೆ ಸಿಮೆಂಟ್ ಅಂಗಳ ಹಾಸಿದ್ದರು. ನಡುವೆ ಗೋಡೆ ಇಲ್ಲ, ಬೇಲಿ ಇಲ್ಲ. ಐವತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಸೀಮೆಸುಣ್ಣ ಕೈಗೆ ಸಿಕ್ಕ ಮಕ್ಕಳಿಗೆ ಅಷ್ಟು ದೊಡ್ಡ ಸ್ಲೇಟು ಊರಿನಲ್ಲಿ ಇನ್ನೊಂದಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಬಿಸಾಡಿದ ತುಂಡುಗಳನ್ನು ಲಂಗದ ತುದಿಗೆ ಗಂಟು ಹಾಕಿಕೊಂಡು ತರುತ್ತಿದ್ದೆವು. ಅದು ಮುಗಿದರೆ ಅಪ್ಪಾಜಿಯ ಜೇಬು. ಕಾರ್ಖಾನೆಯಲ್ಲಿ ಗುರುತು ಹಾಕುವ ಸೀಮೆಸುಣ್ಣ ಒರಟು, ದಪ್ಪ. ಅದು ದೊಡ್ಡವರ ಬೆರಳಿಗೆ ಸಿಗದಷ್ಟು ಸವೆದ ಮೇಲೆ ನಮ್ಮ ಪಾಲಿಗೆ ಬರುತ್ತಿತ್ತು.

ಆಗ ಏನು ಕಲಿತೆವು ಎಂದು ಈಗ ಲೆಕ್ಕ ಹಾಕಿದರೆ, ಹೆಚ್ಚಾಗಿ ಪಕ್ಕದ ಮನೆಯವರ ವಿಷಯವನ್ನೇ ಕಲಿತೆವು. ಪಕ್ಕದ ಮನೆಯಲ್ಲಿ ನನ್ನ ಗೆಳತಿ ಸೆಲ್ವಿ ಇದ್ದಳು. ಸೇಲಂ ಕಡೆಯಿಂದ ಬಂದವರು. ಅವಳಮ್ಮ ಬೆಳಿಗ್ಗೆ ಅಕ್ಕಿಹಿಟ್ಟಿನಲ್ಲಿ ಚುಕ್ಕಿ ಇಟ್ಟು ಕೋಲ, ಅಂದರೆ ಅವರ ಕಡೆಯ ರಂಗೋಲಿ, ಹಾಕುತ್ತಿದ್ದರು. ನಮ್ಮ ಕುಂಟೆಬಿಲ್ಲೆಯ ಕೊನೆಯ ಚೌಕ ಆ ಕೋಲದ ಒಂದು ಚುಕ್ಕಿಗೆ ತಗುಲಿದರೂ ಸಾಕು, ಅವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಬೈಯುತ್ತಿರಲಿಲ್ಲ. ನಿಲ್ಲುತ್ತಿದ್ದರು, ಅಷ್ಟೆ. ನಾವು ಆ ಚೌಕವನ್ನು ಅಂಗೈಯಿಂದ ಒರೆಸಿ ಈಚೆಗೆ ಬರೆದುಕೊಳ್ಳುತ್ತಿದ್ದೆವು. ಇನ್ನೊಂದು ಕಲಿತದ್ದು, ನಾವು ಬರೆದ ರಾಜನ ಅರಮನೆಯಾದರೂ ಸರಿ, ಎಮ್ಮೆಗೆ ಮಲಗಬೇಕೆನ್ನಿಸಿದರೆ ಅದು ಅಲ್ಲೇ ಮಲಗುತ್ತದೆ ಎನ್ನುವುದು. ಎಬ್ಬಿಸಲು ಹೋಗಬಾರದು.

ಆದರೆ ನಮ್ಮ ಸಾಲಿನಲ್ಲಿ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಮಕ್ಕಳಿಗಿಂತ ಹೆಚ್ಚು ಕೂರುತ್ತಿದ್ದವರು ಅಪ್ಪಾಜಿ. ಅವರು ಕೆಲಸ ಮಾಡುತ್ತಿದ್ದ ಜಾಗಕ್ಕೆ ಪ್ಯಾಟರ್ನ್ ಶಾಪ್ ಎಂದು ಹೆಸರು. ಕಬ್ಬಿಣದಲ್ಲಿ ಏನೇ ಎರಕ ಹೊಯ್ಯಬೇಕಾದರೂ ಮೊದಲು ಅದನ್ನು ಮರದಲ್ಲಿ ಮಾಡಬೇಕು. ಮರದಲ್ಲಿ ಮಾಡುವ ಮೊದಲು ನೆಲದ ಮೇಲೆ, ಎಷ್ಟಿದೆಯೋ ಅಷ್ಟೇ ಗಾತ್ರದಲ್ಲಿ, ಬರೆದು ನೋಡಬೇಕು. ಕಾಗದದ ಮೇಲೆ ಚಿಕ್ಕದಾಗಿ ಬರೆದದ್ದನ್ನು ಅಪ್ಪಾಜಿ ನಂಬುತ್ತಿರಲಿಲ್ಲ. "ಕಾಗದದ ಮೇಲೆ ಎಲ್ಲಾನೂ ಹಿಡಿಸುತ್ತೆ" ಅನ್ನುತ್ತಿದ್ದರು. ಈ ಅಪನಂಬಿಕೆಯನ್ನು ಅವರು ಊಟದ ಡಬ್ಬಿಯ ಜೊತೆ ಮನೆಗೂ ತರುತ್ತಿದ್ದರು.

ಅದರ ಫಲವಾಗಿ ನಮ್ಮ ಮನೆಗೆ ಯಾವ ಸಾಮಾನೂ ನೇರವಾಗಿ ಬರುತ್ತಿರಲಿಲ್ಲ. ಮೊದಲು ಅದರ ಗೆರೆ ಬರುತ್ತಿತ್ತು. ಶಿವಮೊಗ್ಗದಲ್ಲಿ ಒಂದು ಬೀರು ನೋಡಿ ಅಂಗಡಿಯವರು ಹೇಳಿದ ಅಳತೆ ತಂದ ಅಪ್ಪಾಜಿ ನಡುಮನೆಯ ನೆಲದ ಮೇಲೆ ಅದನ್ನು ಬರೆದರು. ಬೀರು ಬರುವವರೆಗೂ ನಾವು ಆ ಗೆರೆಯನ್ನು ಸುತ್ತಿಕೊಂಡೇ ಓಡಾಡಬೇಕು, ಇಲ್ಲದಿದ್ದರೆ ಅಭ್ಯಾಸವಾಗುವುದಿಲ್ಲವಲ್ಲ. ಅದೇ ಹೊತ್ತಿಗೆ ಕುಂಸಿಯಿಂದ ದೊಡ್ಡಮ್ಮ ಬಂದರು. ಬಂದವರೇ ನಡುಮನೆಯಲ್ಲಿ ನಿಂತು ಪ್ರಯಾಣದ ಕಷ್ಟ ಹೇಳತೊಡಗಿದರು. ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಕ್ಕಾ, ಒಂಚೂರು ಈಚೆ ಬನ್ನಿ, ಬೀರು ಒಳಗೆ ನಿಂತಿದ್ದೀರಿ" ಅಂದರು. ದೊಡ್ಡಮ್ಮ ಈಚೆ ಬಂದರು, ಆದರೆ ಅವತ್ತು ಸಂಜೆಯ ಬಸ್ಸಿಗೇ ಹೊರಟುಹೋದರು.

ನಿಜವಾದ ಬೀರು ಬಂದಾಗ ಬರೆದ ಗೆರೆಗಿಂತ ಒಂಚೂರು ಚಿಕ್ಕದಾಗಿತ್ತು. ಅಪ್ಪಾಜಿ ಅದನ್ನು ಅಂಗಡಿಯವರ ಬುದ್ಧಿ ಅಂದರು. ಆಮೇಲೆ ಬಂದ ಮಂಚವೂ ಚಿಕ್ಕದಾಗಿತ್ತು. ಮೇಜೂ ಹಾಗೆಯೇ. ಶಿವಮೊಗ್ಗದ ವ್ಯಾಪಾರಸ್ಥರ ಮೇಲೆ ಅಪ್ಪಾಜಿಗೆ ಒಳ್ಳೆಯ ಅಭಿಪ್ರಾಯ ಉಳಿಯಲಿಲ್ಲ.

ಈಗ ಗಿರಿಜಕ್ಕನ ವಿಷಯಕ್ಕೆ ಬರುತ್ತೇನೆ. ಬರಬೇಕೆಂದೇ ಇಷ್ಟು ಸುತ್ತಿದ್ದು.

ಗಿರಿಜಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿ ಮುಗಿಸಿ, ಹೊಲಿಗೆ ಕಲಿತು, ಸಾಲಿನವರ ರವಿಕೆಗಳನ್ನು ಹೊಲಿದುಕೊಡುತ್ತ ಮನೆಯಲ್ಲಿದ್ದಳು. ಅವಳದು ಒಂದೇ ತೊಂದರೆ, ಎತ್ತರ. ಬಟ್ಟೆ ಒಣಹಾಕುವ ತಂತಿಗೆ ಸಾಲಿನ ಹೆಂಗಸರೆಲ್ಲ ಕೋಲು ಹಿಡಿದು ಬರುತ್ತಿದ್ದರು. ಅಕ್ಕ ಬರಿಗೈಯಲ್ಲಿ ಬರುತ್ತಿದ್ದಳು. ಮೊದಲ ಸಲ ಅವಳನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, "ಹುಡುಗಿ ಲಕ್ಷಣವಾಗಿದ್ದಾಳೆ, ಆದ್ರೆ ಪಕ್ಕದಲ್ಲಿ ನಿಂತ್ರೆ ನಮ್ಮ ಹುಡುಗ ಅವಳ ತಮ್ಮನ ಥರ ಕಾಣ್ತಾನೆ" ಎಂದು ಹೇಳಿ ಹೋದರು. ಎರಡನೆಯವರು ಕೇಸರಿಬಾತನ್ನೂ ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಅಂದರು. ಗಂಡಿನ ಕಡೆಯವರು ಊರಿಗೆ ಹೋಗಿ ತಿಳಿಸುತ್ತೇವೆ ಅಂದರೆ ತಿಳಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಮೂರನೆಯವರು ಚಾಪೆಯ ಮೇಲೆ ಕೂರುವ ಮೊದಲೇ ಅಕ್ಕ ಎದುರಿಗೆ ಬಂದುಬಿಟ್ಟಳು. ಅವತ್ತು ತಿಂಡಿಯೆಲ್ಲ ನಮಗೇ ಉಳಿಯಿತು.

ಅಮ್ಮ ತಮಗೆ ತಿಳಿದ ಉಪಾಯ ಮಾಡಿದರು. ಅಕ್ಕನಿಗೆ ಬಗ್ಗುವುದನ್ನು ಕಲಿಸಿದರು. "ಒಂಚೂರು ತಗ್ಗಿ ನಡಿಯೇ ಮಾರಾಯ್ತಿ, ಯಾರು ಟೇಪು ಹಿಡ್ಕೊಂಡು ಬರ್ತಾರೆ" ಅನ್ನುತ್ತಿದ್ದರು. ಅಕ್ಕ ಹೇಳಿದ ಮಾತು ಕೇಳುವವಳು. ಕಾಫಿ ತಟ್ಟೆಯನ್ನು ಮೊಣಕಾಲ ಮಟ್ಟಕ್ಕೆ ಹಿಡಿದು ಬರುವುದು, ಕತ್ತನ್ನು ಹೆಗಲೊಳಗೆ ಎಳೆದುಕೊಳ್ಳುವುದು, ಮಾತಾಡುವಾಗ ಕಂಬಕ್ಕೆ ಒರಗಿ ಜಾರಿಕೊಳ್ಳುವುದು, ಎಲ್ಲವನ್ನೂ ಕಲಿತಳು. ಬರಬರುತ್ತ ಮನೆಗೆ ಯಾರೂ ಬರದ ದಿನವೂ ಅವಳು ಬಗ್ಗಿಯೇ ಇರುತ್ತಿದ್ದಳು. ಹೊಲಿಗೆ ಮೆಷಿನ್ನಿನ ಮುಂದಿನಿಂದ ಎದ್ದರೂ ಪೂರ್ತಿ ಏಳುತ್ತಿರಲಿಲ್ಲ. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತಿತ್ತು, ಯಾಕೆ ಎಂದು ಹೇಳಲು ಬರುತ್ತಿರಲಿಲ್ಲ.

ಆಗ ಶಿವಮೊಗ್ಗದಿಂದ ಮಾವ ಬಂದರು. ಮಾವ ಅಂದರೆ ಅಮ್ಮನ ತಮ್ಮ, ಅಲ್ಲಿನ ಕೋಟೆ ಬೀದಿಯ ಜವಳಿ ಅಂಗಡಿಯಲ್ಲಿದ್ದರು.

"ಭಾವ, ಒಂದು ಗಂಡಿದೆ. ನಮ್ಮ ಬೀದಿನಲ್ಲೇ ಮನೆ. ಬಸವರಾಜ ಅಂತ. ಕಚೇರಿ ಗುಮಾಸ್ತ. ಉದ್ದ ಇದ್ದಾನೆ."

"ಉದ್ದ ಅಂದ್ರೆ ಎಷ್ಟು?" ಎಂದರು ಅಪ್ಪಾಜಿ.

"ಉದ್ದ ಅಂದ್ರೆ ಉದ್ದ, ಭಾವ."

"ಅದು ಅಳತೆ ಅಲ್ಲ."

ಮಾವ ವಾಪಸ್ಸು ಹೋಗಿ ಮುಂದಿನ ವಾರ ಅಳತೆ ತಂದರು. ಐದು ಅಡಿ ಎಂಟು ಅಂಗುಲ. ಹುಡುಗ ಇನ್ಶೂರೆನ್ಸ್ ಮಾಡಿಸುವಾಗ ಡಾಕ್ಟರು ಅಳೆದದ್ದಂತೆ, ಹಾಗಾಗಿ ಸುಳ್ಳಾಗುವ ಹಾಗಿಲ್ಲ. ಅಕ್ಕನ ಹೊಲಿಗೆ ಟೇಪಿನಲ್ಲಿ ಅಕ್ಕನನ್ನು ಅಳೆದು ಹೋಲಿಸಿ ನೋಡಿದ್ದರೆ ಒಂದು ನಿಮಿಷದ ಕೆಲಸ. ಹಾಗೆ ಮಾಡಿದ್ದರೆ ಅದು ನಮ್ಮ ಮನೆ ಆಗುತ್ತಿರಲಿಲ್ಲ. ಅಪ್ಪಾಜಿ ಹೊಸ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು, ತಮ್ಮ ಹಳೆಯ ಅಳತೆಪಟ್ಟಿ ಹಿಡಿದು ಅಂಗಳಕ್ಕೆ ಇಳಿದರು. ಹುಡುಗನನ್ನು ಬರೆಯಲು.

ಮೊದಲು ನಡುಗೆರೆ ಎಳೆದರು. ಕೆಳಗೆ ಹಿಮ್ಮಡಿಯ ಗೆರೆ, ಮೇಲೆ ನೆತ್ತಿಯ ಗೆರೆ. ಮೈಕಟ್ಟು ಹೇಗೆ ಎಂದು ಮಾವನನ್ನು ಕೇಳಿದರು. "ಸಾಧಾರಣ" ಎಂದು ಮಾವ ಹೇಳಿದ್ದರಿಂದ ಭುಜವನ್ನು ಸಾಧಾರಣವಾಗಿಯೇ ಬರೆದರು. ಅರ್ಧ ಗಂಟೆಯಲ್ಲಿ ನಮ್ಮ ಬಾಗಿಲ ಮುಂದೆ ಒಬ್ಬ ಗಂಡಸು ಅಂಗಾತ ಮಲಗಿದ್ದ.

ಸಾಲಿನ ಉಳಿದ ಗಂಡಸರೆಲ್ಲ ಶಿಫ್ಟಿಗೆ ಹೋಗಿ ಅಂಗಳ ಖಾಲಿಯಿದ್ದ ಹೊತ್ತು ನೋಡಿ ಅಕ್ಕನನ್ನು ಕರೆದರು. ಅಮ್ಮ ಮರೆಗೆ ದುಪಟಿ ಹಿಡಿದು ನಿಂತರು. ಅಕ್ಕ ನಾಚಿಕೊಂಡು, ಸೆರಗು ಬಿಗಿಮಾಡಿಕೊಂಡು, ಆ ಗೆರೆಯ ಮನುಷ್ಯನ ಪಕ್ಕದಲ್ಲಿ ಹಿಮ್ಮಡಿ ಸಮ ಮಾಡಿ ಮಲಗಿದಳು. ಮಲಗಿದವರು ಬಗ್ಗುವುದು ಸಾಧ್ಯವಿಲ್ಲ. ನೆಲ ಬಿಡುವುದಿಲ್ಲ. ಅಪ್ಪಾಜಿ ಅವಳ ನೆತ್ತಿಯ ಹತ್ತಿರ ಗೆರೆ ಎಳೆದು ನೋಡಿದರು. ಹುಡುಗನ ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು. ಅಮ್ಮ ದುಪಟಿಯ ಹಿಂದಿನಿಂದಲೇ ದೇವರಿಗೆ ಕೈಮುಗಿದರು.

ಅಪ್ಪಾಜಿ ಮಾತ್ರ ಗೆರೆಯನ್ನೇ ನೋಡುತ್ತ ಕೂತಿದ್ದರು. "ನೀನು ಇಷ್ಟು ಉದ್ದ ಇದ್ದೀಯ ಅಂತ ನನಗೆ ಗೊತ್ತಿರಲಿಲ್ಲ" ಅಂದರು. "ಯಾವಾಗಿಂದ ಬಗ್ಗಿ ನಡೀತಾ ಇದ್ದೀಯ?"

ಅಕ್ಕ ಮಲಗಿದಲ್ಲಿಂದಲೇ, "ಮೊದಲನೇ ಸಲ ನೋಡಿಕೊಂಡು ಹೋದ್ರಲ್ಲ, ಆವಾಗಿಂದ" ಅಂದಳು.

ಅಪ್ಪಾಜಿ ಸೀಮೆಸುಣ್ಣವನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಅಮ್ಮ ದುಪಟಿ ಮಡಿಚಿಕೊಂಡು ಒಳಗೆ ಹೋದರು.

ಹುಡುಗಿ ನೋಡುವ ಶಾಸ್ತ್ರ ಬರುವ ಭಾನುವಾರ ಎಂದು ಗೊತ್ತಾಯಿತು. 'ಇದೊಂದು ಕೂಡಿಬರಲಿ' ಎಂದು ಮನೆಯವರೆಲ್ಲ ಹಾರೈಸುತ್ತಿದ್ದ ಆ ದಿನಗಳಲ್ಲಿ ಗಂಡು ಅಂಗಳದಲ್ಲೇ ಇದ್ದ. ಸೆಲ್ವಿಯ ಅಮ್ಮ ಮೊದಲ ದಿನ ಅದನ್ನು ನೋಡಿ ಮಾಟ ಎಂದುಕೊಂಡು ತಮ್ಮ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಸೆಲ್ವಿಯನ್ನು ಹೊರಗೆ ಬಿಡಲಿಲ್ಲ. ಅಮ್ಮ ಹೋಗಿ ವಿಷಯ ತಿಳಿಸಿದ ಮೇಲೆ ಬಂದು, ಸುತ್ತ ನಡೆದು ನೋಡಿ, "ಎಲ್ಲಾ ಸರಿ ಅಮ್ಮಾ, ಮೀಸೆ ಇಲ್ಲವಲ್ಲ" ಅಂದರು. ನಾನೂ ಸೆಲ್ವಿಯೂ ಮೀಸೆ ಬರೆದೆವು. ಅಂಗಿಗೆ ಜೇಬು, ಜೇಬಿಗೆ ಪೆನ್ನು. ಕೈಗಡಿಯಾರ ಯಾವ ಕೈಗೆ ಎಂದು ಜಗಳವಾದಾಗ ಅಕ್ಕ ಕಿಟಕಿಯಿಂದ, "ಎಡಗೈಗೆ" ಅಂದಳು. ಅಳಿಸಿಹೋದ ಗೆರೆಗಳನ್ನು ನಾವು ದಿನವೂ ತೀಡುತ್ತಿದ್ದೆವು. ಅಮ್ಮ ನೀರು ತರುವಾಗ ಸುತ್ತುಬಳಸಿ ಬರುತ್ತಿದ್ದರು. ಅಳಿಯನಾಗುವವನ ಎದೆಯ ಮೇಲೆ ಕಾಲಿಡುವುದು ಹೇಗೆ.

ಒಂದು ಬೆಳಿಗ್ಗೆ ಅಕ್ಕ ಅಂಗಳ ಗುಡಿಸುತ್ತಿದ್ದಳು. ಗಂಡಿನ ಹತ್ತಿರ ಬಂದಾಗ ಪೊರಕೆ ನಿಲ್ಲಿಸಿ ನೋಡುತ್ತ ನಿಂತಳು. ನಾನು ಪಕ್ಕಕ್ಕೆ ಹೋದೆ.

"ಇಷ್ಟ ಆಯ್ತಾ?" ಎಂದು ಕೇಳಿದೆ.

"ಮುಖ ಯಾರಿಗೆ ಗೊತ್ತು" ಅಂದಳು ಅಕ್ಕ. "ಇವನ ಪಕ್ಕ ಆದ್ರೆ ನೆಟ್ಟಗೆ ನಿಂತ್ಕೋಬಹುದು. ಅಷ್ಟು ಸಾಕು ನನಗೆ."

ಭಾನುವಾರ ಬೆಳಿಗ್ಗೆ ಅಮ್ಮ ಎದ್ದವರೇ, "ಬರೋರು ತಮ್ಮ ಹುಡುಗನ್ನೇ ತುಳ್ಕೊಂಡು ಒಳಗೆ ಬರಬೇಕಾ" ಎಂದು ಅಂಗಳಕ್ಕೆ ಕೊಡಗಟ್ಟಲೆ ನೀರು ಸುರಿದು ಗುಡಿಸಿದರು. ಗಂಡು ಮಾಯವಾದ. ಅಮ್ಮ ಸಮಾಧಾನದಿಂದ ಒಳಗೆ ಹೋದರು. ಒದ್ದೆಯಾದ ಸೀಮೆಸುಣ್ಣ ಕಾಣುವುದಿಲ್ಲ, ಹಾಗೆಂದು ಅಳಿಸಿಯೂ ಇರುವುದಿಲ್ಲ. ಒರಟು ಸಿಮೆಂಟಿನ ಸಂದುಗಳಲ್ಲಿ ಅವಿತುಕೊಂಡಿದ್ದು, ಬಿಸಿಲಿಗೆ ನೆಲ ಒಣಗುತ್ತ ಬಂದಂತೆ ಮೇಲೆ ಬರುತ್ತದೆ. ಇದು ಸಾಲಿನ ಮಕ್ಕಳಿಗೆಲ್ಲ ಗೊತ್ತಿತ್ತು. ನಮ್ಮನ್ನು ಯಾರೂ ಕೇಳಲಿಲ್ಲ.

ಅವರು ಬಂದಾಗ ನೆಲ ಇನ್ನೂ ಒದ್ದೆಯಿತ್ತು. ಹುಡುಗ, ಹುಡುಗನ ತಾಯಿ, ಜೊತೆಗೆ ಮಾವ. ತಾಯಿ ಕುಳ್ಳಗೆ ದಪ್ಪಗಿದ್ದರು, ಹಣೆಯ ತುಂಬ ವಿಭೂತಿ. ಗೆರೆ ಏನೇ ಹೇಳಲಿ, ಅಮ್ಮ ಈ ಸಲ ಎಚ್ಚರ ವಹಿಸಿ ಅಕ್ಕನನ್ನು ಮೊದಲೇ ಚಾಪೆಯ ಮೇಲೆ ಕೂರಿಸಿದ್ದರು. ಎಲ್ಲ ಸರಾಗವಾಗಿ ನಡೆಯಿತು. ತಾಯಿ ಅಕ್ಕ ಹೊಲಿದ ರವಿಕೆಯ ಅಂಚನ್ನು ತಿರುಗಿಸಿ ನೋಡಿ ಒಪ್ಪಿಕೊಂಡರು. ರೊಟ್ಟಿ ತಟ್ಟಲು ಬರುತ್ತದೆಯೇ ಎಂದು ಕೇಳಿದರು. ಹುಡುಗ ತಲೆಯೆತ್ತಿ ಅಕ್ಕನನ್ನು ನೋಡಿದ, ಅಕ್ಕನೂ ನೋಡಿದಳು. "ನಮಗೆ ಒಪ್ಪಿಗೆ" ಎಂದು ತಾಯಿ ಅಲ್ಲೇ ಹೇಳಿಬಿಟ್ಟರು. ಊರಿಗೆ ಹೋಗಿ ತಿಳಿಸುತ್ತೇವೆ ಅನ್ನಲೇ ಇಲ್ಲ. ಅಮ್ಮನ ಕಣ್ಣಲ್ಲಿ ನೀರು ಬಂತು.

ಬಸ್ಸಿಗೆ ಹೊತ್ತಾಯಿತೆಂದು ಅವರು ಎದ್ದು ಹೊರಗೆ ಬಂದರು. ಅಷ್ಟರಲ್ಲಿ ಅಂಗಳ ಚೆನ್ನಾಗಿ ಒಣಗಿತ್ತು. ಮೀಸೆ, ಪೆನ್ನು, ಕೈಗಡಿಯಾರಗಳ ಸಮೇತ ಗಂಡು ಬಾಗಿಲ ಮುಂದೆ ಮಲಗಿದ್ದ.

ಹುಡುಗನ ತಾಯಿ ಚಪ್ಪಲಿಗೆ ಕಾಲು ಹಾಕುತ್ತಿದ್ದವರು ನಿಂತರು. "ಇದ್ಯಾರು?"

ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. "ನಿಮ್ಮ ಮಗ" ಅಂದೆ ನಾನು.

ಅಪ್ಪಾಜಿ ಸಾವಧಾನವಾಗಿ ವಿವರಿಸಿದರು. "ನಮ್ಮಲ್ಲಿ ಏನು ತರೋದಿದ್ರೂ ಮೊದಲು ಪೂರ್ತಿ ಅಳತೆಗೆ ಬರೆದು ನೋಡ್ತೀವಿ."

"ನನ್ನ ಮಗ ಏನು ಮಂಚಾನಾ?" ಎಂದರು ತಾಯಿ.

ಹುಡುಗ ಮಾತ್ರ ಬಗ್ಗಿ ಗೆರೆಗಳನ್ನು ನೋಡುತ್ತಿದ್ದ. "ನನಗೆ ಮೀಸೆ ಇಲ್ವಲ್ಲ" ಅಂದ. ಆಮೇಲೆ ಚಪ್ಪಲಿ ಬಿಟ್ಟು, ಕೋಟು ಬಿಚ್ಚಿ ಮಾವನ ಕೈಗೆ ಕೊಟ್ಟು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಆ ಗೆರೆಗಳ ಒಳಗೆ ಮಲಗಿಬಿಟ್ಟ. ಅವನ ತಾಯಿ "ಲೋ ಬಸವರಾಜ" ಅನ್ನುವಷ್ಟರಲ್ಲಿ ಎರಡು ಕೈಗಳನ್ನೂ ಗೆರೆಯ ಪ್ರಕಾರ ಇಟ್ಟುಕೊಂಡಿದ್ದ.

ನೆತ್ತಿಯ ಹತ್ತಿರ ಒಂದು ಬೆರಳು ಜಾಗ ಉಳಿಯಿತು.

"ಹಿಮ್ಮಡಿ ಗೆರೆಗೆ ತಾಗಿಸಿ" ಎಂದರು ಅಪ್ಪಾಜಿ. ಹುಡುಗ ತಾಗಿಸಿದ. ಆದರೂ ಒಂದು ಬೆರಳು. ಅಪ್ಪಾಜಿ ಒಳಗಿನಿಂದ ಅಳತೆಪಟ್ಟಿ ತಂದು ಗೆರೆಯನ್ನು ಅಳೆದರು. ಐದು ಎಂಟು, ಸರಿಯಾಗಿತ್ತು. ಹುಡುಗನನ್ನು ಅಳೆದರು. ಕಡಿಮೆ ಬಂತು.

"ಆ ಇನ್ಶೂರೆನ್ಸ್ ಡಾಕ್ಟರು ಸರಿಯಾಗಿ ಅಳೆದಿಲ್ಲ."

"ಅಳೆದಿದ್ದಾರೆ ಸಾರ್" ಎಂದ ಹುಡುಗ ಮಲಗಿಕೊಂಡೇ. "ಎರಡು ಸಲ ಅಳೆದ್ರು."

ಅಪ್ಪಾಜಿ ನನ್ನಿಂದ ಅಕ್ಕನ ಹೊಲಿಗೆ ಟೇಪು ತರಿಸಿ ಅಳತೆಪಟ್ಟಿಯ ಪಕ್ಕಕ್ಕೆ ಇಟ್ಟರು. ನೋಡುತ್ತ ನೋಡುತ್ತ ಅವರ ಮುಖ ಸಪ್ಪಗಾಯಿತು. ಯಾಕೆಂದು ನಿಮಗೆ ಹೇಳಬೇಕು. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಹಾಗಾಗಿ ಮರದ ಅಚ್ಚನ್ನು ಬೇಕಾದದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಕಷ್ಟ ಬೇಡವೆಂದು ಪ್ಯಾಟರ್ನ್ ಶಾಪಿನಲ್ಲಿ ಬೇರೆಯದೇ ಅಳತೆಪಟ್ಟಿ ಇರುತ್ತದೆ. ಅದರ ಒಂದು ಅಡಿ ನಮ್ಮ ನಿಮ್ಮ ಅಡಿಗಿಂತ ಒಂದು ಎಳ್ಳುಕಾಳಿನಷ್ಟು ಉದ್ದ. ಅಪ್ಪಾಜಿಯ ಮನೆಯ ಪಟ್ಟಿ, ನಿವೃತ್ತರಾದ ಹಿರಿಯರೊಬ್ಬರು ನೆನಪಿಗೆಂದು ಕೊಟ್ಟುಹೋಗಿದ್ದು, ಅಂಥ ಪಟ್ಟಿ. ಅದರ ಮೇಲಿನ ಗುರುತು ಎಂದೋ ಸವೆದುಹೋಗಿದ್ದರಿಂದ ಸಾಮಾನ್ಯ ಪಟ್ಟಿ ಎಂದೇ ಅಪ್ಪಾಜಿ ಇಷ್ಟು ವರ್ಷ ಬಳಸಿದ್ದರು. ಶಿವಮೊಗ್ಗದ ವ್ಯಾಪಾರಸ್ಥರು ಆ ಕ್ಷಣದಲ್ಲಿ ನಿರ್ದೋಷಿಗಳಾದರು. ಐದಾರು ಎಳ್ಳು ಸೇರಿ ನಮ್ಮ ಅಂಗಳದಲ್ಲಿ ಒಂದು ಬೆರಳಾಗಿತ್ತು. ಅಕ್ಕ ಆ ಗೆರೆಗೆ ಅರ್ಧ ಬೆರಳಷ್ಟೇ ಕಡಿಮೆ ಇದ್ದವಳು. ಅಂದರೆ ಅಕ್ಕ ಹುಡುಗನಿಗಿಂತ ಎತ್ತರ.

ಇದು ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಬಾಗಿಲಲ್ಲಿ ನಿಂತ ಅಮ್ಮ, ಸುಮ್ಮನಿರಿ ಎಂದು ಅಪ್ಪಾಜಿಗೆ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಸುಮ್ಮನಿದ್ದರೆ ಮದುವೆ ಆಗುತ್ತಿತ್ತು. ಅಪ್ಪಾಜಿ ಪಟ್ಟಿ ಕೆಳಗಿಟ್ಟರು.

"ತಪ್ಪು ನನ್ನ ಪಟ್ಟಿದು. ಡಾಕ್ಟರದ್ದಲ್ಲ, ನಿಮ್ಮದೂ ಅಲ್ಲ" ಅಂದರು. "ನನ್ನ ಮಗಳು ನಿಮ್ಮ ಹುಡುಗನಿಗಿಂತ ಅರ್ಧ ಬೆರಳು ಎತ್ತರ ಇದ್ದಾಳೆ. ಈಗ ಹೇಳದೆ ಆಮೇಲೆ ಅವಳು ಜೀವಮಾನ ಎಲ್ಲಾ ಬಗ್ಗಿ ನಡೆಯೋ ಹಾಗೆ ಆಗಬಾರದು. ಗಿರಿಜಾ, ಹೊರಗೆ ಬಾ."

ಅಕ್ಕ ಹೊಸ್ತಿಲು ದಾಟಿ ಬಂದಳು. ರೂಢಿಯಂತೆ ಬಗ್ಗಿಯೇ ಬಂದಳು. ಅಪ್ಪಾಜಿ, "ನೆಟ್ಟಗೆ ನಿಂತ್ಕೊ ಮಗಾ" ಅಂದರು. ಅವಳು ನಿಂತಳು. ಬಹಳ ದಿನಗಳ ಮೇಲೆ ನಾನು ನನ್ನ ಅಕ್ಕನನ್ನು ಪೂರ್ತಿಯಾಗಿ ನೋಡಿದೆ. ಹುಡುಗ ಎದ್ದು, ಬೆನ್ನಿನ ತುಂಬ ಸೀಮೆಸುಣ್ಣ ಮೆತ್ತಿಕೊಂಡು, ಅವಳೆದುರು ನಿಂತ. ವ್ಯತ್ಯಾಸ ಎಲ್ಲರಿಗೂ ಕಂಡಿತು.

"ನಾನು ಇಷ್ಟೇ" ಅಂದ ಅವನು. "ಇನ್ನು ಬೆಳೆಯೋ ವಯಸ್ಸಲ್ಲ. ನಿಮಗೆ ಅಡ್ಡಿ ಇದೆಯಾ?"

ಇಷ್ಟು ಜನ ಬಂದುಹೋದವರಲ್ಲಿ ಅಕ್ಕನನ್ನು ಒಂದು ಮಾತು ಕೇಳಿದವನು ಇವನೊಬ್ಬನೇ. ಅವಳು ಕೆಳಗಿನ ಗೆರೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಅಪ್ಪಾಜಿ ಬರೆದಷ್ಟು ಇದ್ದಿದ್ರೆ ಚೆನ್ನಾಗಿತ್ತು. ಇಷ್ಟಿದ್ರೂ ಆಗುತ್ತೆ" ಅಂದಳು. "ಆದ್ರೆ ನಾನು ಬಗ್ಗಲ್ಲ."

"ಬಗ್ಗಬೇಡಿ" ಅಂದ ಹುಡುಗ.

ಅವನ ತಾಯಿ ಮಗನ ಬೆನ್ನಿನ ಧೂಳನ್ನು ಜೋರಾಗಿಯೇ ಕೊಡವಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ಊರಿಗೆ ಹೋಗಿ ತಿಳಿಸ್ತೀವಿ" ಅಂದರು.

ಅಕ್ಕ ಬಗ್ಗುವುದನ್ನು ಅವತ್ತಿಗೆ ಬಿಟ್ಟಳು. ಅಮ್ಮ ಹೇಳಲಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಮಾವ ಬಂದು, ಹುಡುಗ ಹಟ ಹಿಡಿದಿದ್ದಾನೆ, ತಾಯಿ ಒಪ್ಪಿದ್ದಾರೆ, ಆದರೆ ಮುಖ ಗಂಟಿಕ್ಕಿಕೊಂಡೇ ಒಪ್ಪಿದ್ದಾರೆ ಎಂದರು. ಊರಿಗೆ ಹೋಗಿ ತಿಳಿಸಿದ ಗಂಡಿನ ಕಡೆಯವರನ್ನು ನಾನು ಕಂಡದ್ದು ಅದೊಂದೇ ಸಲ.

ಮದುವೆಯಾಯಿತು. ಅಕ್ಕನನ್ನು ಮನೆ ತುಂಬಿಸಲು ನಾವೆಲ್ಲ ಶಿವಮೊಗ್ಗಕ್ಕೆ ಹೋದೆವು. ಕೋಟೆ ಬೀದಿಯ ಹಳೇ ಮನೆ, ದಪ್ಪ ಗೋಡೆ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲು ಎಷ್ಟು ತಗ್ಗು ಎಂದರೆ ನಮ್ಮ ಅಮ್ಮನೂ ತಲೆ ತಗ್ಗಿಸಿ ಹೋಗಬೇಕಾಯಿತು. ಅಕ್ಕ ದೀಪ ಹಿಡಿದು ಸೊಂಟದಿಂದ ಬಗ್ಗಿ ಒಳಗೆ ಹೋದಳು. ಅವಳತ್ತೆ ನೋಡುತ್ತ ನಿಂತಿದ್ದರು. ವಾಪಸ್ಸು ಬರುವ ಬಸ್ಸಿನಲ್ಲಿ ಅಪ್ಪಾಜಿ, "ಬಗ್ಗಲ್ಲ ಅಂದಿದ್ಲು. ಆ ಮನೇಲಿ ಬಾಗಿಲೇ ಬಗ್ಗಿಸುತ್ತೆ" ಅಂದರು. ಅವರಿಗೆ ದುಃಖವಾಗಿತ್ತು. ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟರು.

ಆ ವರ್ಷದ ಪಂಚಮಿಗೆ ಅಕ್ಕನನ್ನು ತವರಿಗೆ ಕರೆತರಲು ಅಪ್ಪಾಜಿ ಹೊರಟಾಗ ನಾನೂ ಜೊತೆಗೆ ಹೋದೆ. ಅಕ್ಕನ ಅತ್ತೆ ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿದರು. ಅಪ್ಪಾಜಿ ಕೂರಲಿಲ್ಲ. ಅಡುಗೆಮನೆಯ ಬಾಗಿಲನ್ನೇ ನೋಡುತ್ತ ನಿಂತರು. ಬಾಗಿಲ ಮೇಲಿನ ಗೋಡೆ ಒಡೆದು ಹೊಸ ಗಾರೆ ಹಾಕಿದ್ದರು. ಇನ್ನೂ ಸುಣ್ಣ ಬಳಿದಿರಲಿಲ್ಲ.

"ಬಾಗಿಲು ಎತ್ತರ ಮಾಡಿಸಿದ್ದೀರಿ" ಅಂದರು ಅಪ್ಪಾಜಿ.

"ಹೂಂ. ನಮ್ಮತ್ತೆ ಕಾಲದ ಬಾಗಿಲು" ಎಂದರು ಅವರು ಎಲೆ ಅಡಿಕೆ ತಟ್ಟೆ ಮುಂದಿಡುತ್ತ. "ಅವರೂ ಬಗ್ಗಿದ್ರು, ನಾನೂ ಬಗ್ಗಿದೆ, ಯಾರೂ ಏನೂ ಅಂದುಕೊಳ್ಳಲಿಲ್ಲ. ಇವಳು ದಿನಾ ಕೈಯಲ್ಲಿ ಬಿಸಿ ಪಾತ್ರೆ ಹಿಡ್ಕೊಂಡು ಬಗ್ಗೋದು ನನಗೆ ನೋಡಕ್ಕಾಗ್ಲಿಲ್ಲ. ಗಾರೆಯವನನ್ನ ಕರೆಸ್ದೆ. ಎಷ್ಟು ಎತ್ತರ ಬೇಕು ಅವ್ವಾ ಅಂದ. ಇವಳನ್ನೇ ಗೋಡೆಗೆ ನೆಟ್ಟಗೆ ನಿಲ್ಲಿಸಿ ಇದ್ದಿಲಲ್ಲಿ ಗೆರೆ ಎಳ್ದು, ಅದರ ಮೇಲೆ ಒಂದು ಗೇಣು ಬಿಡು ಅಂದೆ. ಹುಡುಗಿ ಸರಿಯಾಗೇ ಇದ್ದಾಳೆ ಬೀಗರೇ. ಬಾಗಿಲು ಗಿಡ್ಡ ಇತ್ತು."

ಅಪ್ಪಾಜಿ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು, ಆಮೇಲೆ ಮಣೆಯ ಮೇಲೆ ಕೂತರು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಕಾಫಿ ತಂದಳು. ತಟ್ಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ನಮ್ಮನ್ನು ನೋಡಿ ನಗುತ್ತ, ತಲೆಯೆತ್ತಿಕೊಂಡು ಬಾಗಿಲು ದಾಟಿ ಬಂದಳು.